ಕರಿಬೇವಿನ ಗಿಡಕ್ಕೆ ಬಂದ ಕಾರವಾರದ ಅತಿಥಿ

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಐವತ್ತು ವರ್ಷ ಇಳಕಲ್ ಸೀರೆ ಮಾರಿದವಳು ನಾನು. ಕೈಮಗ್ಗದ್ದೋ ಯಂತ್ರದ್ದೋ, ನಿಂತಲ್ಲೇ ಹೇಳುತ್ತೇನೆ. ನನ್ನ ಕಣ್ಣಿಗೆ ಮೋಸ ಮಾಡುವ ಬಣ್ಣ ಇನ್ನೂ ಹುಟ್ಟಿಲ್ಲ! ಅಂಥವಳಿಗೆ ಒಂದು ಚಿಟ್ಟೆಯ ಗುರುತು ಯಾವ ದೊಡ್ಡ ಕೆಲಸ?

ನಮ್ಮ ಮಾಳಿಗೆಯ ಕುಂಡದಲ್ಲಿರುವ ಕರಿಬೇವಿನ ಮೇಲೆ ಒಂದು ಕಪ್ಪು ಚಿಟ್ಟೆ ಬಂದು ತತ್ತಿ ಇಟ್ಟಿತು. ಹಿಂದಿನ ರೆಕ್ಕೆಯಲ್ಲಿ ಕೆಂಪು ಚುಕ್ಕೆ, ಮುಂದಿನದರಲ್ಲಿ ಬಿಳಿ ಪಟ್ಟೆ. ಮೊಮ್ಮಗಳು ಐಶ್ವರ್ಯಾ ಕಾರವಾರದ ಸಮುದ್ರದಂಡೆಯಲ್ಲಿ ತೆಗೆದ ಚಿಟ್ಟೆಯ ಫೋಟೊ ಮೊಬೈಲಿನಲ್ಲಿತ್ತು. ಹೆಸರು ಅವಳೇ ಓದಿ ಹೇಳಿದಳು, ಕ್ರಿಮ್ಸನ್ ರೋಜ್ ಅಂತೆ. ಓದು ಅವಳದು, ಎಣಿಕೆ ನನ್ನದು! ಚುಕ್ಕೆಗೆ ಚುಕ್ಕೆ, ಪಟ್ಟೆಗೆ ಪಟ್ಟೆ ಕೂಡಿತು.

"ನಮ್ಮ ಮನಿಗೆ ಸಮುದ್ರದ ಕಡಿಂದ ಅತಿಥಿ ಬಂದೈತಿ!" ಎಂದು ಸಾರಿದೆ.

ವಾರದೊಳಗೆ ಹುಳುಗಳು ಎದ್ದವು. ಸೊಸೆ ವಾಣಿಶ್ರೀ ನೀರಿನ ಪೈಪು ಹಿಡಿದು ಬಂದಳು.

"ಅತ್ತೀ, ಎಲಿ ಎಲ್ಲಾ ತಿನ್ನಾಕತ್ತಾವ್ರಿ. ತೊಳದ ಬಿಡ್ತೇನಿ."

"ಮುಟ್ಟಿದ್ರ ನೋಡು! ಘಟ್ಟಾ ಹತ್ತಿ ಬಂದಾಕಿ ಮಕ್ಕಳು ಅವು!"

"ಆಕಿ ಮಕ್ಕಳಿಗೆ ನಮ್ಮ ಒಗ್ಗರಣೀನ ಬೇಕಾತೇನ್ರಿ?"

"ಒಗ್ಗರಣಿ ಸಪ್ಪಗಾದ್ರ ಯಾರೂ ಸಾಯೂದಿಲ್ಲ!"

ಗಿಡದ ಪಕ್ಕ ಕುರ್ಚಿ ಹಾಕಿ ಕೂತೆ. ಕಾಗೆ ಬಂದರೆ ಕೋಲು ಎತ್ತಿದೆ, ಸೊಸೆ ಬಂದರೆ ಹುಬ್ಬು ಎತ್ತಿದೆ. ಹೀಗೆ ಇಪ್ಪತ್ತೆಂಟು ದಿನ! ಮನೆಯಲ್ಲಿ ಗಿಡ ಇಟ್ಟುಕೊಂಡು ಪೇಟೆಯಿಂದ ಕರಿಬೇವು ಕೊಳ್ಳಲು ನನ್ನ ಮಾನ ಒಪ್ಪಲಿಲ್ಲ. ಉಪ್ಪಿಟ್ಟು ಸಪ್ಪೆ, ಸಾರು ಸಪ್ಪೆ, ಚುರಮುರಿಯೂ ಸಪ್ಪೆ. ಗಿಡ ಕಸಬರಿಗೆ ಕಡ್ಡಿಯಾಯಿತು.

ಕೊನೆಗೂ ಒಂದು ಹುಳು ಕಟ್ಟಿದ ಕೋಶ ಒಡೆದು ಅದೇ ಚುಕ್ಕೆ, ಅದೇ ಪಟ್ಟೆಯ ಚಿಟ್ಟೆ ಹೊರಬಂತು. ಕೆಳಗಿನ ಮನೆಯ ಯಶೋಧರಾ ಅವರನ್ನು ಕರೆಸಿದೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವರು. ನನ್ನ ಗೆಲುವಿಗೆ ಓದಿದವರ ಸಾಕ್ಷಿ ಬೇಡವೇ!

ಅವರು ಕನ್ನಡಕ ಏರಿಸಿ ಬಗ್ಗಿದರು.

"ಸಂಗವ್ವಾರ, ರೆಕ್ಕಿ ಭಾಳ ಛಲೋ ನೋಡೀರಿ. ಮೈ ನೋಡೀರೇನು?"

"ಮೈಯಾಗ ಏನೈತ್ರಿ?"

"ಕ್ರಿಮ್ಸನ್ ರೋಜ್‌ದು ಕೆಂಪು ಮೈ. ಅದರ ತಂಗಿ ಕಾಮನ್ ರೋಜ್, ಅದರದೂ ಕೆಂಪು. ಇದರದು ನೋಡ್ರಿ, ಪೂರಾ ಕಪ್ಪು. ಇದು ಕಾಮನ್ ಮಾರ್ಮನ್ ಅನ್ನೂ ಬ್ಯಾರೆ ಜಾತಿ ಹೆಣ್ಣು. ರೋಜ್ ವಿಷ ಅಂತ ಹಕ್ಕಿ ಮುಟ್ಟೂದಿಲ್ಲ. ಅದಕ್ಕ ಈಕಿ ಅದರ ವೇಷಾ ಹಾಕ್ಕೊಂಡಾಳ. ನಿಮ್ಮ ಕಾರವಾರದಾಕಿ ಕರಿಬೇವಿನ ಮ್ಯಾಲೆ ತತ್ತೀನ ಇಡೂದಿಲ್ಲ. ಈಕಿ ಖರೇ ಹುಬ್ಬಳ್ಳಿಯಾಕಿ!"

ಅಂಚು, ಸೆರಗು ನೋಡಿ ಮರುಳಾಗಬೇಡಿ, ಸೀರೆಯ ಒಡಲು ಹಿಡಿದು ನೋಡಿ ಎಂದು ಐವತ್ತು ವರ್ಷ ಗಿರಾಕಿಗಳಿಗೆ ಪಾಠ ಹೇಳಿದವಳು ನಾನು! ಆದರೂ ಸೋಲು ಒಪ್ಪಿದೆನೇ?

"ಹಕ್ಕೀನ ಮೋಸ ಹೋಗ್ತಾವಂದ್ರ ನಂದೇನು ತಪ್ಪು?" ಎಂದು ಗದರಿದೆ.

"ಹಕ್ಕಿ ಇಪ್ಪತ್ತೆಂಟು ದಿನ ಸಪ್ಪನ ಉಪ್ಪಿಟ್ಟು ತಿನ್ನಲಿಲ್ರಿ ಅತ್ತೀ," ಎಂದಳು ವಾಣಿಶ್ರೀ.

ತೆಪ್ಪಗೆ ಪೇಟೆಗೆ ಹೋಗಿ ಒಂದು ಸಿವುಡು ಕರಿಬೇವು ತಂದುಕೊಟ್ಟೆ. ಅವಳು ಬಿಚ್ಚಿದಳು. ಎಲೆಯ ಮೇಲೆ ದುಂಡಗೆ, ಹಸಿರಾಗಿ ಒಂದು ಹುಳು!

"ಇದು ಯಾವ ಊರಿಂದ್ರಿ ಅತ್ತೀ?"

ಸಿವುಡು ಕಸಿದುಕೊಂಡೆ.

"ಇನ್ನ ಮೈ ನೋಡೂತನಕ ಊರು ಹೇಳೂದಿಲ್ಲವ್ವ. ಚಿಟ್ಟಿ ಆಗ್ಲಿ, ಹದಿನೈದು ದಿನ ತಡಿ!"