ಸಾಕಿದ್ದು ಯಾರ ಗಂಟಲು?

ಹೆಂಡತಿ: ಅಂದ್ರೆ ಇಷ್ಟು ವರ್ಷ ನೀವು ಬುಡ್ಡಿಯಲ್ಲಿ ಹಾಲೆರೆದು ಸಾಕಿದ್ದು ಗಂಟಲಿನ ಕ್ಯಾನ್ಸರ್ ಕೋಶಗಳೇ ಅಲ್ವಂತಾ?

ವಿಜ್ಞಾನಿ: ಮೆಲ್ಲಗೆ ಮಾತಾಡೇ, ಕಿಟಕಿ ತೆಗೆದಿದೆ.

ಹೆಂಡತಿ: ಮತ್ತೆ ಅದು ಏನು?

ವಿಜ್ಞಾನಿ: ಯಾರದೋ... ಗರ್ಭಕೋಶದ್ದಂತೆ.

ಹೆಂಡತಿ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. ಮುಂದಿದ್ದದ್ದು ಗಂಡ ನಾಳೆ ಸನ್ಮಾನಕ್ಕೆ ಹಾಕಿಕೊಳ್ಳಬೇಕಾದ ಅಂಗಿ. ಹರ್ಪಿಸ್ ಬಳಗದ ವೈರಸ್ಸೊಂದು ಗಂಟಲಿನ ಕ್ಯಾನ್ಸರ್ ಕೋಶಗಳೊಳಗೆ ಹೇಗೆ ಅವಿತು ಕೂರುತ್ತದೆ ಎಂದು ತಲೆ ಬೋಳಾಗುವವರೆಗೂ ಸಂಶೋಧಿಸಿದ್ದಕ್ಕೆ ಆ ಸನ್ಮಾನ. ಈಗ ವಿಜ್ಞಾನ ಪತ್ರಿಕೆಯೊಂದು, ‘ಹೊಸ ಲೇಖನ ಅಚ್ಚು ಹಾಕುವ ಮುಂಚೆ ನಿಮ್ಮ ಕೋಶಗಳ ಕುಲಗೋತ್ರ ಪರೀಕ್ಷೆ ಮಾಡಿಸಿ’ ಎಂದು ಕೇಳಿತ್ತು. ಆ ಪರೀಕ್ಷೆಯ ಫಲವೇ ಇದು.

ಹೆಂಡತಿ: ಗಂಟಲೆಲ್ಲಿ, ಗರ್ಭಕೋಶ ಎಲ್ಲಿ! ದಿನಾ ಸೂಕ್ಷ್ಮದರ್ಶಕಕ್ಕೆ ಕಣ್ಣು ಅಂಟಿಸ್ಕೊಂಡು ಕೂತಿದ್ರಲ್ಲ, ಏನು ನೋಡ್ತಿದ್ರಿ?

ವಿಜ್ಞಾನಿ: ಬುಡ್ಡಿಯೊಳಗೆ ಎಲ್ಲಾ ಒಂದೇ ಥರ ಕಾಣುತ್ತೆ ಕಣೇ. ಯಾವತ್ತೋ ಬೇರೆ ಬುಡ್ಡಿಯಿಂದ ಒಂದು ಹನಿ ಸಿಡಿದಿರ್ಬೇಕು. ಆ ಕೋಶಗಳು ಬಲು ಜೋರು. ನಮ್ಮವನ್ನ ಮೂಲೆಗೊತ್ತಿ ತಾವೇ ತುಂಬ್ಕೊಂಡಿವೆ.

ಹೆಂಡತಿ: ಕೋಗಿಲೆ ಮರಿ ಬಾಯಿ ಬಿಟ್ಟ ಮೇಲೆ ಕಾಗೆಗೂ ಗೊತ್ತಾಗುತ್ತೆ. ನಿಮಗೆ ತಲೆಗೂದಲು ಹೋದ ಮೇಲೂ ಗೊತ್ತಾಗ್ಲಿಲ್ಲ.

ವಿಜ್ಞಾನಿ: ವೈರಸ್ ಮಾತ್ರ ಅಸಲಿ.

ಹೆಂಡತಿ: ಬಾಡಿಗೆಯವನು ಅಸಲಿ, ಮನೆ ಮಾತ್ರ ಯಾರದೋ! ಇದಕ್ಕೇ ಅಲ್ವಾ ಪ್ರತಿ ಭಾನುವಾರ ‘ಕೋಶಗಳಿಗೆ ಊಟ ಹಾಕ್ಬೇಕು’ ಅಂತ ಓಡ್ತಿದ್ದಿದ್ದು? ನನ್ನ ತಂಗಿ ಮದುವೇಲಿ ಊಟದ ಮಧ್ಯೆ ಎದ್ದು ಹೋದ್ರಿ. ನನಗೆ ಆಪರೇಷನ್ ಆದ ದಿನ ‘ಅವು ಹಸಿದಿರ್ತವೆ’ ಅಂದ್ರಿ!

ಅವಳಿಗೆ ರೋಷ ಉಕ್ಕಿ ಬಂತು. ಬಗ್ಗಿದ ಆ ಬೋಳುತಲೆ ನೋಡಿ ಅಯ್ಯೋ ಪಾಪ ಎಂದೂ ಅನಿಸಿತು. ಹಾಗೆ ಅನಿಸಿದ್ದಕ್ಕೆ ಇನ್ನಷ್ಟು ರೋಷ ಬಂತು.

ವಿಜ್ಞಾನಿ: ನಾಳೆ ವೇದಿಕೆ ಮೇಲೆ ಹೇಳಿಬಿಡ್ಲಾ, ಸುಮ್ಮನಿದ್ದುಬಿಡ್ಲಾ?

ಅವಳು ಉತ್ತರ ಕೊಡುವುದರೊಳಗೆ ಬಾಗಿಲ ಗಂಟೆ ಸದ್ದು ಮಾಡಿತು. ಬಂದವನು ಗಂಡನ ಹಳೆಯ ಗೆಳೆಯ, ಮೇಲಿನ ಮಹಡಿಯ ಲ್ಯಾಬಿನ ಪ್ರೊಫೆಸರ್. ಗಂಟಲಿನ ಕ್ಯಾನ್ಸರ್ ಕೋಶಗಳನ್ನು ‘ಸ್ವಂತ ಕೈಯಾರೆ’ ಬೆಳೆಸಿದೆನೆಂದು ಭಾಷಣಕ್ಕೊಮ್ಮೆ ಹೇಳುವುದರಿಂದ ಎಲ್ಲರ ಬಾಯಲ್ಲೂ ಅವನು ಸ್ವಂತಕೈ. ಗೆಳೆಯನಿಗೆ ಒಳ್ಳೆಯದಾದ ದಿನ ಈ ಮನೆ ಕಡೆ ತಲೆ ಹಾಕಿದವನಲ್ಲ.

ಸ್ವಂತಕೈ: ಲ್ಯಾಬಿನ ಹುಡುಗರಿಂದ ಸುದ್ದಿ ಕೇಳಿ ಹೊಟ್ಟೆ ಉರಿದುಹೋಯ್ತು ಅತ್ತಿಗೆ.

ಹೆಂಡತಿ: ಮುಖ ನೋಡಿದ್ರೆ ತಣ್ಣಗಾದ ಹಾಗಿದೆ.

ಸ್ವಂತಕೈ: ಲೋ, ನಾಳೆ ಎಲ್ಲಾ ಹೇಳಿಬಿಡು. ವಿಜ್ಞಾನ ಅಂದ್ರೆ ಸತ್ಯ. ಬುಡ್ಡಿ ಬದಲಾದದ್ದು ತಿಳಿಯದವನು ಸೋಡಾ ಅಂಗಡಿ ಇಡ್ಬೇಕಿತ್ತು ಅಂತ ಜನ ನಗ್ತಾರೆ. ನಗ್ಲಿ ಬಿಡು.

ಹೆಂಡತಿ: ನಿಮ್ಮ ಬುಡ್ಡಿಗಳು ಸರಿಯಾಗಿವೆಯಾ?

ಸ್ವಂತಕೈ: ನನ್ನವಾ? ರೋಗಿಯ ಗಂಟಲಿನಿಂದ ತಂದು ಸ್ವಂತ ಕೈಯಾರೆ ಬೆಳೆಸಿದ್ದು ಅತ್ತಿಗೆ!

ವಿಜ್ಞಾನಿ: ಅವು ಬೂಷ್ಟು ಹಿಡಿದು ಸತ್ತುಹೋದ್ವಲ್ಲೋ? ಆಮೇಲೆ ನೀನೇ ಬಂದು ನನ್ನ ಹತ್ರ ಒಂದು ಬುಡ್ಡಿ ಇಸ್ಕೊಂಡು ಹೋದೆ. ಯಾರಿಗೂ ಹೇಳ್ಬೇಡ ಅಂದೆ ಅಂತ ಇವಳಿಗೂ ಹೇಳಿರ್ಲಿಲ್ಲ.

ಪಾಪ, ಗಂಡನ ಮಾತಿನಲ್ಲಿ ಕುಹಕವೇನೂ ಇರಲಿಲ್ಲ. ಅವನಿಗೆ ಅದು ಬರುವುದೂ ಇಲ್ಲ. ಸ್ವಂತಕೈಯ ಮುಖ ಮಾತ್ರ ಇಸ್ತ್ರಿ ಕಾಣದ ಅಂಗಿಯಂತಾಯಿತು.

ಸ್ವಂತಕೈ: ಆಗ... ಆಗ ಆ ಬುಡ್ಡಿ ಸರಿಯಾಗೇ ಇತ್ತು.

ವಿಜ್ಞಾನಿ: ಇಲ್ವಲ್ಲೋ. ಫ್ರೀಜರಿನಲ್ಲಿರೋ ಅತೀ ಹಳೇದನ್ನೂ, ನಿನಗೆ ಕೊಡೋಕೂ ಮುಂಚಿನದನ್ನ, ಪರೀಕ್ಷೆಗೆ ಕಳಿಸಿದ್ದೆ. ಅದೂ ಗರ್ಭಕೋಶವೇ.

ಸ್ವಂತಕೈ: ಪರೀಕ್ಷೆಗಳನ್ನೆಲ್ಲ ನಂಬ್ತಾರೇನೋ? ಆತುರಪಡ್ಬೇಡ. ನಾಳೆ ಫಲಕ ತಗೋ, ಕೈ ಕುಲುಕು, ಮನೆಗೆ ಬಾ.

ಹೆಂಡತಿ: ಈಗಷ್ಟೇ ವಿಜ್ಞಾನ ಅಂದ್ರೆ ಸತ್ಯ ಆಗಿತ್ತಲ್ಲ?

ಸ್ವಂತಕೈ: ಸತ್ಯ ಎಲ್ಲಿಗೆ ಓಡಿಹೋಗುತ್ತೆ ಅತ್ತಿಗೆ? ನಿಧಾನಕ್ಕೆ ಹೇಳಿದ್ರಾಯ್ತು. ನಾನು ರಿಟೈರ್ ಆದ ಮೇಲೆ.

ಹೆಂಡತಿ: ಕುಂಬಳಕಾಯಿ ಕಳ್ಳ ಅಂತ ಕೂಗೋಕೆ ಬಂದವರು ನೀವು. ಈಗ ನಿಮ್ಮ ಹೆಗಲನ್ನೇ ಮುಟ್ಟಿ ನೋಡ್ಕೊಳ್ತಿದೀರಲ್ಲ!

ವಿಜ್ಞಾನಿ: (ತಲೆ ಎತ್ತಿ) ಹೇಳೇ ಹೇಳ್ತೀನಿ ಕಣೋ. ನನ್ನ ಲೇಖನ ನಂಬ್ಕೊಂಡು ಎಷ್ಟು ಹುಡುಗರು ಆ ಬುಡ್ಡಿಗಳ ಮುಂದೆ ಕೂತಿದಾರೋ. ಅವರ ಭಾನುವಾರನಾದ್ರೂ ಉಳೀಲಿ.

ಮದುವೆಯಾದಂದಿನಿಂದ ಗಂಡ ಅವಳಿಗೆ ಇಷ್ಟು ಹಿಡಿಸಿದ್ದು ಇದೇ ಮೊದಲು. ಬಾಯಿಬಿಟ್ಟು ಹೇಳಿ ಅವನನ್ನು ಅಟ್ಟಕ್ಕೇರಿಸುವಷ್ಟು ದಡ್ಡಿ ಅವಳಲ್ಲ. ಸುಮ್ಮನೆ ಇಸ್ತ್ರಿ ಪೆಟ್ಟಿಗೆ ಕೈಗೆತ್ತಿಕೊಂಡಳು.

ಹೆಂಡತಿ: ಕಾಲರ್ ಗಟ್ಟಿಯಾಗಿ ನಿಲ್ಲಿಸ್ತೀನಿ. ಬೈಸ್ಕೊಳ್ಳೋವಾಗ ಕತ್ತು ಬಗ್ಗಬಾರದು. ಪ್ರೊಫೆಸರೇ, ನೀವೂ ಮುಂದಿನ ಸಾಲಲ್ಲೇ ಕೂತ್ಕೊಳ್ಳಿ.

ಸ್ವಂತಕೈ: (ಚಪ್ಪಲಿ ಹುಡುಕುತ್ತ) ನಾಳೆ ಬರೋದು ಅನುಮಾನ ಅತ್ತಿಗೆ. ಬೆಳಗ್ಗೆಯಿಂದ ಯಾಕೋ ಗಂಟಲು ನೋವು.

ಹೆಂಡತಿ: ಗಂಟಲೇ ಅಂತ ಖಾತ್ರಿನಾ? ಮೊದಲು ಒಂದ್ಸಲ ಪರೀಕ್ಷೆ ಮಾಡಿಸ್ಕೊಳ್ಳಿ.