ಭಜಿ ಎಣ್ಣೆಯ ಸಂಶೋಧಕ

ನಮ್ಮ ಕಾಕಾನಷ್ಟು ಜಾಣ ಹಳಿಯಾಳ ತಾಲೂಕಿನಲ್ಲಿ ಇನ್ನೊಬ್ಬನಿಲ್ಲ. ಇದನ್ನು ನಾನು ಹೇಳುತ್ತಿಲ್ಲ, ಕಾಕಾನೇ ಹೇಳುತ್ತಾನೆ! ಸರ್ಕಾರವೂ ಅದನ್ನು ಬರೆದುಕೊಡಬೇಕೆಂಬುದು ಅವನ ಹಟ.

ದಾಂಡೇಲಿಯ ಕಾಗದದ ಕಾರ್ಖಾನೆಯ ನೌಕರಿ ಮುಗಿಸಿ, ಬಂಗೂರನಗರದ ಕ್ವಾರ್ಟರ್ಸ್ ಬಿಟ್ಟು ತೇರಗಾಂವಕ್ಕೆ ಬಂದ ಮೇಲೆ ಅವನಿಗೆ ಒಂದಿಷ್ಟು ಕಬ್ಬು, ಮನೆಯ ಬಗಲಿಗೇ ಒಂದು ಬಾವಿ, ಬಾವಿಗೊಂದು ಡೀಸೆಲ್ ಎಂಜಿನ್ನು ಗಂಟುಬಿದ್ದವು. ಡೀಸೆಲ್ ಹಾಕಿ ನೀರೆತ್ತುವುದು ಸಾಮಾನ್ಯರ ಕೆಲಸವಲ್ಲವೆ? ಕಾಕಾ ದಾಂಡೇಲಿಯ ಖಾನಾವಳಿಗಳಿಂದ ಭಜಿ ಕರಿದು ಉಳಿದ ಎಣ್ಣೆಯನ್ನು ಡಬ್ಬಿಗಟ್ಟಲೆ ತಂದ. ತನ್ನ ಹಳೆಯ ಧೋತರದಲ್ಲಿ ಸೋಸಿದ. ಸೈಲೆನ್ಸರಿಗೆ ತಾಮ್ರದ ಕೊಳವೆ ಸುತ್ತಿ, ಅದರೊಳಗೆ ಎಣ್ಣೆ ಹರಿಸಿ, ಬಿಸಿ ಮಾಡಿ ಎಂಜಿನ್ನಿಗೆ ಕುಡಿಸಿದ. ಎಂಜಿನ್ನು ಓಡಿತು! ಓಣಿಯ ತುಂಬ ಭಜಿಯ ವಾಸನೆ. ಮೊದಲ ದಿನ ನೆರೆಮನೆಯವರು ತಟ್ಟೆ ಹಿಡಿದುಕೊಂಡೇ ಬಂದಿದ್ದರು.

"ಇದಕ್ಕ ಪೇಟೆಂಟ್ ತಗೋತೇನಿ," ಎಂದ ಕಾಕಾ.

"ಮೊದಲ ಆ ಧೋತರದ ಜಿಡ್ಡು ತೊಳೀರಿ," ಎಂದಳು ಅವನ ಹೆಂಡತಿ, ನಮ್ಮ ಕಾಕು.

ಪೇಟೆಂಟ್ ಕಚೇರಿಗೆ ಅರ್ಜಿ ಹೋಯಿತು, ಅಲ್ಲಿಂದ ಆಕ್ಷೇಪಣೆ ಬಂತು. ಎಂಜಿನ್ನೂ ಹಳೆಯದು, ಎಣ್ಣೆಯೂ ಹಳೆಯದು, ಕಾಯಿಸುವುದೂ ಹಳೆಯದು. ಕಸುಬು ಬಲ್ಲ ಯಾರಿಗಾದರೂ ಹೊಳೆಯುವಂಥದ್ದಕ್ಕೆ ಪೇಟೆಂಟ್ ಯಾಕೆ? ಕಾಕಾ ಸಿಟ್ಟಿನಲ್ಲಿ ಊಟ ಬಿಟ್ಟ. ಭಜಿ ಮಾತ್ರ ತಿಂದ.

ವಿಚಾರಣೆ ನಡೆದದ್ದು ನಮ್ಮ ಪಡಸಾಲೆಯಲ್ಲಿ, ನನ್ನ ಲ್ಯಾಪ್‌ಟಾಪಿನ ಮುಂದೆ. ಅಧಿಕಾರಿ ಇಂಗ್ಲಿಷಿನವರು, ಕಾಕಾ ತೇರಗಾಂವದ ಕನ್ನಡದವನು, ನಡುವೆ ದುಭಾಷಿಯಾಗಿ ಸಿಕ್ಕಿಬಿದ್ದವನು ನಾನು. ಸಾಕ್ಷಿಗೆಂದು ಹಳಿಯಾಳದ ಎಂಜಿನ್ ಮಿಸ್ತ್ರಿ ಚಾಚಾನನ್ನೂ ಕರೆಸಿದ್ದೆವು. "ನನಗ ಇದು ಹೊಳದಿರಲಿಲ್ಲ" ಎಂದು ಚಾಚಾ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ನಮ್ಮ ಕಡೆ ಸಾಕ್ಷಿಯೆಂದರೆ, ಹಿರಿಯರ ಮಾತಿಗೆ ಊರೇ ಹೌದೆನ್ನುತ್ತದೆ ಎಂದು ಎದೆ ತಟ್ಟಿ ಹೇಳುವುದು ತಾನೆ? ಚಾಚಾ ಟೋಪಿ ಸರಿಮಾಡಿಕೊಂಡ.

"ಸಾಹೇಬ್ರ, ಕಾಕಾರು ಹೇಳೂದು ಹದಿನಾರಾಣೆ ಖರೇ ಐತ್ರಿ. ಈ ಎಣ್ಣೀಲೆ ಎಂಜಿನ್ ಓಡತೈತಿ ಅನ್ನೂದು ನಮ್ಮ ಗ್ಯಾರೇಜಿನ್ಯಾಗ ಎಲ್ಲಾರಿಗೂ ಮೊದಲಿಂದ ಗೊತ್ತೈತ್ರಿ."

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಲೇ ಅಧಿಕಾರಿಯ ಮುಖ ಅರಳಿತು, ಕಾಕಾನದು ಬಾಡಿತು. ಕೇಸು ಗೆಲ್ಲಿಸಿಕೊಟ್ಟ ಸಂತೋಷದಲ್ಲಿ ಚಾಚಾ ಚಹಾ ಕುಡಿದ.

"ಎಲ್ಲರಿಗೂ ಗೊತ್ತಿದ್ದರೆ ನಿಮ್ಮದೇನು ಹೆಚ್ಚುಗಾರಿಕೆ?" ಎಂದು ಅಧಿಕಾರಿ ಕೇಳಿದ್ದನ್ನು ನಾನು ಕಾಕಾನಿಗೆ ಮುಟ್ಟಿಸಿದೆ. ಎಂದೂ ದನಿ ತಗ್ಗಿಸದ ಮನುಷ್ಯ ಬಾಗಿಲ ಕಡೆ ತಿರುಗಿದ.

"ಗೊತ್ತಿರಬೇಕ್ರಿ ಎಲ್ಲಾರಿಗೂ," ಎಂದ ಮೆಲ್ಲಗೆ. "ಡೀಸೆಲ್ ಹೊಗಿಗೆ ಇಕಿಗೆ ದಮ್ಮು ಹತ್ತತಿತ್ತು. ಬಾವಿ ಸರಸಾಕ ಬರೂದಿಲ್ಲ, ಇಕಿನ್ನ ಬಿಟ್ಟು ನನಗ ಇರಾಕ ಆಗೂದಿಲ್ಲ. ಮತ್ತೇನ ಮಾಡ್ಲಿ, ಹೇಳ್ರಿ?"

ಇಂಗ್ಲಿಷಿನಲ್ಲಿ ಹೇಳಲು ಬಾಯಿ ತೆರೆದೆ. 'ಹಿಸ್ ವೈಫ್' ಎಂಬಲ್ಲಿಗೇ ನಿಲ್ಲಿಸಿದೆ. ಬಾಗಿಲಲ್ಲಿ ನಿಂತಿದ್ದ ಕಾಕು ಸರಕ್ಕನೆ ಒಳಗೆ ಹೋದಳು.

ಪೇಟೆಂಟ್ ಸಿಗಲಿಲ್ಲ. ಸಂಜೆ ಎಂಜಿನ್ನು ಶುರುವಾದರೆ ಕಾಕು ಈಗ ಬಾವಿಯ ಕಟ್ಟೆಯ ಮೇಲೆ ಕಾಕಾನ ಬಗಲಿಗೇ ಕುಳಿತು ಅವರೆಕಾಯಿ ಸುಲಿಯುತ್ತಾಳೆ. ಒಮ್ಮೆಯೂ ಕೆಮ್ಮುವುದಿಲ್ಲ.