ಮೆತ್ತಗೆ ಹೇಳಿದರೆ ಬಾರದ ಬಸ್ಸು

ಸಿಟ್ಟು ಬಾರದ ಮನುಷ್ಯರನ್ನು ಕಂಡರೆ ನನಗೆ ಮೊದಲಿನಿಂದಲೂ ಕುತೂಹಲ. ಅವರಿಗೆ ಸಿಟ್ಟು ಹುಟ್ಟುವುದೇ ಇಲ್ಲವೋ, ಹುಟ್ಟಿದ್ದನ್ನು ಎಲ್ಲಾದರೂ ಬಚ್ಚಿಡುತ್ತಾರೋ ತಿಳಿಯದು. ನನ್ನದಂತೂ ಮೂಗಿನ ತುದಿಯಲ್ಲೇ ಇರುತ್ತದೆ. ಅಂಥ ನನ್ನನ್ನು ಎಂಬತ್ತರ ದಶಕದಲ್ಲಿ ಆಳಂದದ ಬಸ್ ನಿಲ್ದಾಣಕ್ಕೆ ಕಂಟ್ರೋಲರ್ ಮಾಡಿ ಕೂರಿಸಿದ್ದರು. ಬಸ್ಸು ಬಂದ ವೇಳೆ ಬರೆದುಕೊಳ್ಳುವುದು, ಹೊರಡುವ ಬಸ್ಸಿಗೆ ಸೀಟಿ ಊದುವುದು ಹೆಸರಿಗಷ್ಟೇ ನನ್ನ ಕೆಲಸ. ನಿಜವಾದ ಕೆಲಸವೆಂದರೆ “ಹಿಪ್ಪರಗಾ ಬಸ್ ಯಾವಾಗ ಬರ್ತದ್ರಿ?” ಎಂಬ ಪ್ರಶ್ನೆಗೆ ದಿನವಿಡೀ ಉತ್ತರ ಕೊಡುವುದು. ಹಿಪ್ಪರಗಾ ಎಂದರೆ ಮಾದನಹಿಪ್ಪರಗಾ. ಅಲ್ಲಿಗೆ ಬಸ್ಸು ಕಡಿಮೆ, ಜನ ಹೆಚ್ಚು.

ನಮ್ಮ ಕಡೆ ಒಬ್ಬರು ಕೇಳಿಕೊಂಡು ಹೋದರೆ ಮುಗಿಯಲಿಲ್ಲ. ಮೊದಲು ಗಂಡ ಬರುತ್ತಾನೆ. “ಖರೇ ಅಂದಾನೇನು?” ಎಂದು ಪರೀಕ್ಷಿಸಲು ಹೆಂಡತಿ ಬರುತ್ತಾಳೆ, ಅವಳ ಹಿಂದೆ ಅವಳ ಅಣ್ಣ. ಕೊನೆಗೆ ಆ ಗಂಡನೇ ಹೊಸಬನಂತೆ ಮತ್ತೆ ಕಿಟಕಿಗೆ ಮುಖ ಹಚ್ಚುತ್ತಾನೆ. ಆ ನಾಲ್ಕನೆಯ ಸಲಕ್ಕೆ ನಾನು ಗಂಟಲು ಹರಿಯುವಂತೆ ಒದರುತ್ತಿದ್ದೆ. ಆಗ ಎಲ್ಲರೂ ಹೋಗಿ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದರು. ಅದಕ್ಕೇನೂ ಬೇಸರವಿರಲಿಲ್ಲ. ಆದರೆ ಮನೆಯಲ್ಲಿ ಹೆಂಡತಿ “ಇನ್ನೊಂದು ರೊಟ್ಟಿ ಹಾಕ್ಲೇನ್ರಿ?” ಎಂದು ಎರಡನೆಯ ಸಲ ಕೇಳಿದರೂ ಬಾಯಿಂದ ಕಂಟ್ರೋಲರನ ದನಿಯೇ ಹೊರಡುತ್ತಿತ್ತು. ಅದಕ್ಕೆ ಮಾತ್ರ ನನಗೆ ನಾಚಿಕೆಯಾಗುತ್ತಿತ್ತು.

ಅಫಜಲಪುರ ಮಾರ್ಗದ ಕಂಡಕ್ಟರ್ ಭೀಮಶಾ ಬೌದ್ಧ. ತುಂಬಿದ ಬಸ್ಸಿನಲ್ಲಿ ಕಾಲು ತುಳಿಸಿಕೊಂಡೂ ನಗುವ ಆಸಾಮಿ. ಮಹಾರಾಷ್ಟ್ರದಲ್ಲೆಲ್ಲೋ ಹತ್ತು ದಿನ ಮಾತಿಲ್ಲದೆ ಕುಳಿತು ಧ್ಯಾನ ಕಲಿತು ಬಂದಿದ್ದ. ಒಂದು ದಿನ ಚಹಾ ಕುಡಿಸಿ ಅವನ ಗುಟ್ಟು ಕೇಳಿದೆ.

“ಗುಟ್ಟೇನಿಲ್ರಿ ಸಾಹೇಬ್ರ. ಯಾರರ ಏನರ ಕೇಳಿದ್ರಂದ್ರ ಮೊದಲ ಒಂದು ಉಸುರು ಒಳಗ ಹೋಗೂದು ನೋಡ್ರಿ, ಹೊರಗ ಬರೂದು ನೋಡ್ರಿ. ಆಮ್ಯಾಲ ಜವಾಬು ಕೊಡ್ರಿ. ಸಿಟ್ಟು ಬಂದ್ರ ಓಡಿಸಬ್ಯಾಡ್ರಿ. ಮೈಯಾಗ ಎಲ್ಲಿಂದ ಏಳ್ತದ, ಬರೇ ನೋಡ್ರಿ.”

“ನೋಡಿದ್ರ ಹೋಗ್ತದೇನು?”

“ಹೋಗ್ತದೋ ಇಲ್ಲೋ, ಅದನ್ನೂ ನೋಡ್ರಿ.”

ಮರುದಿನದಿಂದಲೇ ನೋಡತೊಡಗಿದೆ. ನನ್ನ ಸಿಟ್ಟು ಬಲಗಾಲಿನ ಹೆಬ್ಬೆರಳಿನಿಂದ ಏಳುತ್ತದೆಂದು ಎರಡೇ ದಿನದಲ್ಲಿ ಪತ್ತೆಯಾಯಿತು! ಕಿಟಕಿಗೆ ಮುಖ ಬಂದೊಡನೆ ಅದು ಚಪ್ಪಲಿಯೊಳಗೆ ನಿಮಿರುತ್ತಿತ್ತು. ಇಷ್ಟು ವರ್ಷ ನನ್ನ ಕಾಲಡಿಯಲ್ಲೇ ಇದ್ದದ್ದು ನನಗೇ ಗೊತ್ತಿರಲಿಲ್ಲವಲ್ಲ ಎಂದು ಹಿಗ್ಗಿದೆ. ಮನೆಯಲ್ಲಿ ಉಸಿರು ಎಳೆದು, ಬಿಟ್ಟು, “ಸಾಕು” ಎಂದೆ. ಹೆಂಡತಿ ನನ್ನ ಮುಖ ನೋಡಿ ಇನ್ನೆರಡು ರೊಟ್ಟಿ ಹಾಕಿದಳು. ನಿಲ್ದಾಣದಲ್ಲೂ ಒಂದು ವಿಚಿತ್ರ ನಡೆಯುತ್ತಿತ್ತು. ನಾನು ಸಮಾಧಾನದಿಂದ ಉತ್ತರಿಸಿದಷ್ಟೂ ಕಲ್ಲುಬೆಂಚು ಖಾಲಿಯಾಗಿ, ಹೊರಗೆ ನಿಂತ ಬಾಡಿಗೆ ಜೀಪುಗಳು ತುಂಬುತ್ತಿದ್ದವು. ಯಾಕಿರಬಹುದೆಂದು ಯೋಚಿಸಿದೆ, ಹೊಳೆಯಲಿಲ್ಲ.

ಎಂಟನೆಯ ದಿನ ಸಂಜೆ ಶಂಕ್ರೆವ್ವ ಎಂಬ ಮುದುಕಿ ಗೊಬ್ಬೂರಿನಿಂದ ಬಸ್ಸು ಬದಲಿಸಿ ಬಂದಳು. ಹಿಪ್ಪರಗಾದಲ್ಲಿ ಮಗಳಿಗೆ ದಿನ ತುಂಬುವ ಮೊದಲೇ ಗಂಡನ ಮನೆಯಲ್ಲಿ ಬೇನೆ ಶುರುವಾಗಿತ್ತು. ಅಂದಿನ ಕೊನೆಯ ಬಸ್ಸು ದಾರಿಯಲ್ಲಿ ಪಂಕ್ಚರಾಗಿತ್ತು. ಜೀಪುಗಳೂ ಆ ಹೊತ್ತಿಗೆ ಬೇರೆ ಊರುಗಳಿಗೆ ಹೋಗುವವೇ.

ಅವಳು ಕೇಳಿದಳು. ನಾನು ಒಂದು ಉಸಿರು ನೋಡಿ, “ಬರ್ತದಬೇ ಯವ್ವಾ, ಅರ್ಧ ತಾಸು ತಡ ಆಗ್ತದ ಅಷ್ಟ” ಎಂದೆ. ಅವಳ ಕಣ್ಣು ತುಂಬಿದವು. ಹೋಗಿ ಮತ್ತೆ ಬಂದಳು. ಇನ್ನೂ ಮೆತ್ತಗೆ ಹೇಳಿದೆ. ಮೂರನೆಯ ಸಲ ಹೆಬ್ಬೆರಳು ನಿಮಿರಿದ್ದರಿಂದ ಕಣ್ಣು ಮುಚ್ಚಿ ಎರಡು ಉಸಿರು ನೋಡಬೇಕಾಯಿತು. ಕಣ್ಣು ತೆರೆದರೆ ಅವಳು ಗಂಟು ತಲೆಯ ಮೇಲೆ ಹೊತ್ತು ರಸ್ತೆಗೆ ಇಳಿದಿದ್ದಳು. ನಡೆದರೆ ಊರು ಮುಟ್ಟುವಷ್ಟರಲ್ಲಿ ಬೆಳಗಾಗುತ್ತಿತ್ತು. ಕಿಟಕಿ ಬಿಟ್ಟು ಅವಳ ಹಿಂದೆ ಓಡಿದೆ.

“ಎಲ್ಲಿಗಿಬೇ?”

“ನಡಕೊಂತ ಹೋಗ್ತೇನಪ್ಪಾ. ಬಸ್ ಬರಂಗಿಲ್ಲಂತ ನಂಗ ತಿಳೀತು. ಇಲ್ಲಂದ್ರ ನೀ ಯಾಕ ಸತ್ತವರ ಮನ್ಯಾಗ ಮಾತಾಡಿದಂಗ ಮಾತಾಡ್ತಿದ್ದಿ?”

ಎಂಟು ದಿನ ತಡೆದಿಟ್ಟದ್ದೆಲ್ಲ ಒಮ್ಮೆಗೇ ಹೊರಬಿತ್ತು. “ಬರ್ತದ ಅಂದ್ರ ಬರ್ತದ! ಎಷ್ಟ ಸಲ ಹೇಳ್ಬೇಕಬೇ ನಿನಗ? ಹೋಗಿ ಸುಮ್ಕ ಕುಂಡ್ರು!”

ಇಡೀ ನಿಲ್ದಾಣ ತಿರುಗಿ ನೋಡಿತು. ಜೀಪಿನಲ್ಲಿದ್ದ ಇಬ್ಬರು, ತಮ್ಮ ಊರಿನ ಬಸ್ಸೂ ಬಂದೇ ಬರುತ್ತದೆಂದು, ಇಳಿದು ಬಂದು ಕಲ್ಲುಬೆಂಚಿನ ಮೇಲೆ ಕುಳಿತರು. ಶಂಕ್ರೆವ್ವನ ಮುಖ ಅರಳಿತು. “ಹಿಂಗ ಹೇಳಪ್ಪಾ ಮತ್ತ!” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು, ಅವರ ಪಕ್ಕದಲ್ಲೇ ಗಂಟು ಇಟ್ಟು ಕುಳಿತಳು. ಬಸ್ಸು ಬಂತು. ಮುಂದಿನ ಸೀಟಿಗೆ ನಾನೇ ಹತ್ತಿಸಿದೆ.

ಮೂರನೆಯ ದಿನ ಆ ಬಸ್ಸಿನ ಡ್ರೈವರ್ ಸುದ್ದಿ ತಂದ. ಶಂಕ್ರೆವ್ವ ಊರು ಮುಟ್ಟಿದ ಮೇಲೆಯೇ ಮಗಳಿಗೆ ಹೆಣ್ಣು ಕೂಸು ಹುಟ್ಟಿತ್ತು, ಬಾಣಂತಿ, ಕೂಸು ಇಬ್ಬರೂ ಕ್ಷೇಮ. ಮುದುಕಿ “ಒದರೋ ಸಾಹೇಬ್ರಿಗೆ” ಎಂದು ಎರಡು ಉಂಡಿ ಕಳಿಸಿದ್ದಳು.

ಭೀಮಶಾ ಒಂದು ಉಂಡಿ ತಿನ್ನುತ್ತ ಕಥೆಯೆಲ್ಲ ಕೇಳಿದ. “ಒದರೂ ಮುಂದ ಉಸುರು ನೋಡಿದ್ರೇನ್ರಿ?” ಎಂದ.

ಅವನ ಎದುರು ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಉಸುರೂ ನೋಡ್ಲಿಲ್ಲ, ಹೆಬ್ಬೆರಳೂ ನೋಡ್ಲಿಲ್ಲ, ಭೀಮಶಾ. ಎಂಟು ದಿನದ ಮ್ಯಾಲ ಒದರಿದ್ದಕ್ಕ ಎಷ್ಟು ಹಾಯ್ ಅನಿಸ್ತು ಅನ್ನೂದು ಮಾತ್ರ ಭಾಳ ಛಂದ ನೋಡೇನಿ.”